ಆಸ್ವಾದವೋ, ಪಾನವೋ? ಸಿಂಗಲ್ ಮಾಲ್ಟ್ ಕೂಟಗಳನ್ನು ಕುರಿತು

ಮದ್ಯವನ್ನು ಕುರಿತು ಆರೋಗ್ಯದ ಪುಟಗಳಲ್ಲಿ ಬರೆಯುವುದು ಒಂದೇ ವಾಕ್ಯದಲ್ಲಿ ಮುಗಿಯಬಹುದಾದ ಕೆಲಸ. ಅದು ದೇಹಕ್ಕೆ ಒಳ್ಳೆಯದಲ್ಲವೆಂದು ಹೇಳಿ ಲೇಖನಿಯನ್ನು ಕೆಳಗಿಟ್ಟರೆ ತಕರಾರು ಮಾಡುವವರು ಯಾರೂ ಇಲ್ಲ. ಓದಿ ಮನಸ್ಸು ಬದಲಾಯಿಸುವವರೂ ಇಲ್ಲ. ಕುಡಿಯದವರಿಗೆ ಆ ಮಾತು ಬೇಕಾಗಿಲ್ಲ, ಕುಡಿಯುವವರು ಅದನ್ನು ಮೊದಲೇ ಬಲ್ಲರು. ಆದರೆ ಈ ಇಬ್ಬರ ನಡುವೆ ಮಹಾನಗರಗಳಲ್ಲಿ ಮೂರನೆಯದೊಂದು ವರ್ಗ ಬೆಳೆದು ನಿಂತಿದೆ. ಇವರು ತಮ್ಮನ್ನು ಕುಡಿಯುವವರೆಂದು ಹೇಳಿಕೊಳ್ಳುವುದಿಲ್ಲ. ರುಚಿ ನೋಡುವವರೆಂದು ಹೇಳಿಕೊಳ್ಳುತ್ತಾರೆ. ತಿಂಗಳಿಗೊಮ್ಮೆ ಹತ್ತು ಹದಿನೈದು ಮಂದಿ ಕಲೆತು, ಚಂದಾ ಹಾಕಿ, ಸ್ಕಾಟ್ಲೆಂಡಿನ ಅಪರೂಪದ ಸಿಂಗಲ್ ಮಾಲ್ಟ್ ವಿಸ್ಕಿಯ ಸೀಸೆಗಳನ್ನು ತೆರೆದು, ಮೂಗಿನಿಂದಲೂ ನಾಲಿಗೆಯಿಂದಲೂ ಪರೀಕ್ಷಿಸಿ, ಅಭಿಪ್ರಾಯವನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಕೆಲಸದ ನಿಮಿತ್ತ ಊರು ಬಿಟ್ಟು ಬಂದು, ನಡುವಯಸ್ಸಿನಲ್ಲಿ ನಾಲ್ಕು ಕಾಸು ಕೂಡಿಬಂದ ಕನ್ನಡಿಗರೂ ಇಂಥ ಕೂಟಗಳಲ್ಲಿ ಸದಸ್ಯರಾಗಿದ್ದಾರೆ. ಇದು ಪಾನವಲ್ಲ, ಆಸ್ವಾದ ಎಂಬುದು ಅವರ ವಾದ. ಆ ವಾದವನ್ನು ನಗೆಯಾಡಿ ತಳ್ಳಿಹಾಕುವುದು ಸರಿಯಲ್ಲ. ಅದರಲ್ಲಿ ಎಷ್ಟು ಸತ್ಯವಿದೆಯೆಂದು ಲೆಕ್ಕ ಹಾಕಿ ನೋಡುವುದೇ ಉಚಿತ.

ಮೊದಲು ವಸ್ತುವಿನ ಪರಿಚಯ. ಮೊಳಕೆಯೊಡೆಸಿದ ಬಾರ್ಲಿಯೊಂದರಿಂದಲೇ, ಒಂದೇ ಭಟ್ಟಿಯಲ್ಲಿ, ತಾಮ್ರದ ಹಂಡೆಗಳಲ್ಲಿ ಇಳಿಸಿದ ವಿಸ್ಕಿಗೆ ಸಿಂಗಲ್ ಮಾಲ್ಟ್ ಎಂದು ಹೆಸರು. ಅದು ಸ್ಕಾಚ್ ಎನಿಸಿಕೊಳ್ಳಬೇಕಾದರೆ ಸ್ಕಾಟ್ಲೆಂಡಿನಲ್ಲಿಯೇ ತಯಾರಾಗಿ, ಅಲ್ಲಿಯೇ ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಮಾಗಿರಬೇಕು. ಸೀಸೆಗೆ ತುಂಬುವಾಗ ಮದ್ಯಸಾರ ಶೇಕಡಾ 40ಕ್ಕಿಂತ ಕಡಿಮೆಯಿರಕೂಡದು. 2009ರ ಸ್ಕಾಚ್ ವಿಸ್ಕಿ ನಿಯಮಾವಳಿ ಇದನ್ನೆಲ್ಲ ಕಟ್ಟುನಿಟ್ಟಾಗಿ ವಿಧಿಸಿದೆ. ಅಂಗಡಿಗಳಲ್ಲಿ ಹೆಚ್ಚಾಗಿ ಮಾರಾಟವಾಗುವ ಸ್ಕಾಚ್, ಹಲವು ಭಟ್ಟಿಗಳ ಮಾಲ್ಟಿಗೆ ಇತರ ಧಾನ್ಯದ ವಿಸ್ಕಿಯನ್ನು ಬೆರೆಸಿದ ಮಿಶ್ರಣ. ಸಿಂಗಲ್ ಮಾಲ್ಟ್ ಒಂದು ಊರಿನ, ಒಂದು ಭಟ್ಟಿಯ ಸ್ವಂತ ದನಿ ಎನ್ನಬಹುದು.

ಈ ಪಾನೀಯದ ಅತ್ಯಂತ ಹಳೆಯ ದಾಖಲೆಯೆಂದು ಸಾಮಾನ್ಯವಾಗಿ ತೋರಿಸುವುದು ಒಂದು ಲೆಕ್ಕದ ಪುಸ್ತಕವನ್ನು! ಸ್ಕಾಟ್ಲೆಂಡಿನ ರಾಜಖಜಾನೆಯ 1494-95ರ ಲೆಕ್ಕದಲ್ಲಿ, ದೊರೆಯ ಅಪ್ಪಣೆಯಂತೆ ‘ಜೀವಜಲ’ವನ್ನು ತಯಾರಿಸಲು ಜಾನ್ ಕಾರ್ ಎಂಬ ಸಂನ್ಯಾಸಿಗೆ 8 ಬೋಲ್ ಅಳತೆಯ ಮಾಲ್ಟ್ ಕೊಟ್ಟುದು ಜಮೆಖರ್ಚಾಗಿದೆ. ಹತ್ತು ವರ್ಷ ಕಳೆದ ಮೇಲೆ, 1505ರಲ್ಲಿ, ಎಡಿನ್‌ಬರೋ ನಗರದಲ್ಲಿ ಇದನ್ನು ತಯಾರಿಸಿ ಮಾರುವ ಏಕಸ್ವಾಮ್ಯ ದೊರೆತದ್ದು ಅಲ್ಲಿನ ಕ್ಷೌರಿಕ-ಶಸ್ತ್ರವೈದ್ಯರ ಸಂಘಕ್ಕೆ. ಔಷಧಿಯಾಗಿ ಹುಟ್ಟಿದ ವಸ್ತು ಇಂದು ವೈದ್ಯರು ಬೇಡವೆನ್ನುವ ವಸ್ತುಗಳ ಪಟ್ಟಿಯಲ್ಲಿ ಮೊದಲ ಸಾಲಿನಲ್ಲಿ ನಿಂತಿರುವುದು ವಿಧಿಯ ವ್ಯಂಗ್ಯವೇ ಸರಿ.

ಇನ್ನು ಕೂಟಗಳ ವಿಚಾರ. ಇಂಥ ಕೂಟಗಳಲ್ಲಿ ಪ್ರಸಿದ್ಧವಾದುದು ಎಡಿನ್‌ಬರೋ ನಗರದ ಲೀತ್ ಬಂದರಿನಲ್ಲಿ 1983ರಲ್ಲಿ ಸ್ಥಾಪಿತವಾದ ಸ್ಕಾಚ್ ಮಾಲ್ಟ್ ವಿಸ್ಕಿ ಸೊಸೈಟಿ. ಪಿಪ್ ಹಿಲ್ಸ್ ಎಂಬವರು ಪೀಪಾಯಿಯಿಂದ ನೇರವಾಗಿ ತೆಗೆದ ವಿಸ್ಕಿಯ ರುಚಿಗೆ ಮಾರುಹೋಗಿ, ಸ್ನೇಹಿತರನ್ನು ಪಾಲುದಾರರನ್ನಾಗಿ ಮಾಡಿಕೊಂಡು ಗ್ಲೆನ್‌ಫಾರ್ಕ್ಲಸ್ ಭಟ್ಟಿಯಿಂದ ಒಂದು ಪೀಪಾಯಿಯನ್ನೇ ಕೊಂಡು ಹಂಚಿಕೊಂಡುದು ಅದರ ಮೂಲ. ಪಾಲುದಾರರು ಹೆಚ್ಚಾದಂತೆ ಅದು ಸಂಘವಾಯಿತು. ಈಗ ಅದರ ಶಾಖೆಗಳು ಅನೇಕ ದೇಶಗಳಲ್ಲಿವೆ. ಈ ಸಂಘದ ಸೀಸೆಯ ಮೇಲೆ ಭಟ್ಟಿಯ ಹೆಸರನ್ನು ಮುದ್ರಿಸುವುದಿಲ್ಲ. ಎರಡು ಅಂಕಿಗಳು ಮಾತ್ರ ಇರುತ್ತವೆ: ಚುಕ್ಕೆಯ ಹಿಂದಿನ ಅಂಕಿ ಭಟ್ಟಿಯನ್ನೂ, ಮುಂದಿನ ಅಂಕಿ ಆ ಭಟ್ಟಿಯ ಎಷ್ಟನೆಯ ಪೀಪಾಯಿ ಎಂಬುದನ್ನೂ ಸೂಚಿಸುತ್ತವೆ. ಬ್ಯಾಂಕಿನ ಖಾತೆ ಸಂಖ್ಯೆಯಂತೆ! ಹೆಸರಿಗೆ ಮರುಳಾಗದೆ ಮೂಗಿಗೂ ನಾಲಿಗೆಗೂ ತಿಳಿದುದನ್ನು ಮಾತ್ರ ನಂಬಬೇಕೆಂಬುದು ಅದರ ಆಶಯ. ಪೀಪಾಯಿಯಿಂದ ತೆಗೆದ ವಿಸ್ಕಿಗೆ ನೀರು ಬೆರೆಸದೆ ತುಂಬುವುದರಿಂದ ಅದರಲ್ಲಿ ಮದ್ಯಸಾರ ಶೇಕಡಾ 50ರಿಂದ 60ರವರೆಗೂ ಇರುವುದುಂಟು. ಈ ಅಂಕಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದು ಬೇಕಾಗುತ್ತದೆ.

ಕೂಟ ಕಟ್ಟಿಕೊಳ್ಳುವುದಕ್ಕೆ ಹಣದ ಕಾರಣವೂ ಇದೆ. ಭಾರತದಲ್ಲಿ ವಿದೇಶೀ ವಿಸ್ಕಿಯ ಮೇಲೆ ಶೇಕಡಾ 150ರಷ್ಟು ಆಮದು ಸುಂಕ ಬಹುಕಾಲ ಜಾರಿಯಲ್ಲಿತ್ತು. 2025ರ ಜುಲೈ 24ರಂದು ಬ್ರಿಟನ್ನಿನೊಡನೆ ಸಹಿಯಾದ ವ್ಯಾಪಾರ ಒಪ್ಪಂದದಲ್ಲಿ ಇದನ್ನು ಮೊದಲು 75ಕ್ಕೆ, ಹತ್ತನೆಯ ವರ್ಷದ ಹೊತ್ತಿಗೆ 40ಕ್ಕೆ ಇಳಿಸಲು ಒಪ್ಪಲಾಗಿದೆ. ಏನೇ ಇಳಿದರೂ ಅಪರೂಪದ ಸೀಸೆ ಸಂಬಳದಾರನ ಕೈಗೆ ಒಬ್ಬನಾಗಿ ಎಟುಕುವಂಥದಲ್ಲ. ಹದಿನೈದು ಮಂದಿ ಸೇರಿದರೆ ಎಟುಕುತ್ತದೆ. ಊರಿನ ಕಡೆ ಚೀಟಿ ಹಾಕಿ ಹಸು ಕೊಂಡಂತೆ.

ಹಾಗಾದರೆ ಇದರಲ್ಲಿ ಅಪರೂಪವೆಂಬುದು ಯಾವುದು? ವಯಸ್ಸಾದ ವಿಸ್ಕಿ ಏಕೆ ದುಬಾರಿ ಎಂಬುದನ್ನು ಅರಿಯಲು ಚಕ್ರಬಡ್ಡಿಯ ಸೂತ್ರವನ್ನು ತಲೆಕೆಳಗಾಗಿ ಹಿಡಿದರೆ ಸಾಕು. ಓಕ್ ಮರ ಉಸಿರಾಡುತ್ತದೆ. ಸ್ಕಾಟ್ಲೆಂಡಿನ ತಂಪಿನಲ್ಲಿ ಪೀಪಾಯಿಯೊಳಗಿನ ದ್ರವ ವರ್ಷಕ್ಕೆ ಸುಮಾರು ಶೇಕಡಾ 2ರಂತೆ ಆವಿಯಾಗಿ ಹೋಗುತ್ತದೆ. ಇದಕ್ಕೆ ಅಲ್ಲಿಯವರು ‘ದೇವದೂತರ ಪಾಲು’ ಎನ್ನುತ್ತಾರೆ. 200 ಲೀಟರು ತುಂಬಿಟ್ಟರೆ 25 ವರ್ಷದ ಅನಂತರ ಉಳಿಯುವುದು ಸುಮಾರು 120 ಲೀಟರು, 40 ವರ್ಷಕ್ಕೆ 90 ಲೀಟರಿಗೂ ಕಡಿಮೆ. ಇಟ್ಟ ಠೇವಣಿ ವರ್ಷವರ್ಷವೂ ಕರಗುತ್ತ ಹೋಗುವ ವಿಚಿತ್ರ ಖಾತೆ ಇದು. ಈ ಲೆಕ್ಕದಲ್ಲಿ ಕನ್ನಡನಾಡಿಗೂ ಒಂದು ಸ್ಥಾನವಿದೆ. ಬೆಂಗಳೂರಿನ ಮೈಸೂರು ರಸ್ತೆಯ ಕಡೆ ಕಂಬೀಪುರದಲ್ಲಿರುವ ಅಮೃತ್ ಭಟ್ಟಿಯವರು ತಮ್ಮ ಸಿಂಗಲ್ ಮಾಲ್ಟನ್ನು 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿಯೇ ಬಿಡುಗಡೆ ಮಾಡಿದರು. ಕೊಲ್ಲನ ಬೀದಿಯಲ್ಲಿ ಸೂಜಿ ಮಾರುವುದೆಂದರೆ ಇದೇ! ಅದನ್ನು ಸ್ಕಾಚ್ ಎಂದು ಕರೆಯುವಂತಿಲ್ಲ. ಆದರೆ ವಿಮರ್ಶಕ ಜಿಮ್ ಮರೆ ತಮ್ಮ 2010ರ ವಿಸ್ಕಿ ಕೈಪಿಡಿಯಲ್ಲಿ ಅಮೃತ್ ಫ್ಯೂಷನ್ನಿಗೆ ಜಗತ್ತಿನಲ್ಲಿ ಮೂರನೆಯ ಸ್ಥಾನವನ್ನು ಕೊಟ್ಟರು. ಬೆಂಗಳೂರಿನ ಹವೆಯಲ್ಲಿ ದೇವದೂತರು ಹೆಚ್ಚು ಬಾಯಾರಿದವರು. ವರ್ಷಕ್ಕೆ ಶೇಕಡಾ 10 ಅಥವಾ ಅದಕ್ಕೂ ಹೆಚ್ಚು ತೆಗೆದುಕೊಂಡು ಹೋಗುತ್ತಾರೆ. ಶೇಕಡಾ 10ರ ಲೆಕ್ಕ ಹಿಡಿದರೆ ಅಲ್ಲಿ 5 ವರ್ಷದಲ್ಲಿ ನಷ್ಟವಾಗುವಷ್ಟು ಇಲ್ಲಿ ಹೇಳಿದ ಸ್ಕಾಟ್ಲೆಂಡಿನ ಪೀಪಾಯಿಯಲ್ಲಿ ನಷ್ಟವಾಗಲು 25 ವರ್ಷ ಬೇಕು. ಆದ್ದರಿಂದ ಸೀಸೆಯ ಮೇಲಿನ ವಯಸ್ಸನ್ನು ಮಾತ್ರ ನೋಡಿ ಗುಣವನ್ನು ನಿರ್ಣಯಿಸುವುದು ಅಷ್ಟೊಂದು ಸರಿಯಲ್ಲ.

ಮುಚ್ಚಿಹೋದ ಭಟ್ಟಿಗಳ ವಿಸ್ಕಿ ಇನ್ನೊಂದು ಬಗೆಯ ಅಪರೂಪ. 1980ರ ದಶಕದ ಆರಂಭದಲ್ಲಿ ದಾಸ್ತಾನು ಬೇಡಿಕೆಯನ್ನು ಮೀರಿದುದರಿಂದ ಅನೇಕ ಭಟ್ಟಿಗಳ ಬೆಂಕಿ ಆರಿತು. ಐಲಾ ದ್ವೀಪದ ಪೋರ್ಟ್ ಎಲೆನ್, ಉತ್ತರದ ಬ್ರೋರಾ ಎರಡೂ 1983ರಲ್ಲಿ ಮುಚ್ಚಿದವು. ಆಗ ಬೇಡವಾಗಿದ್ದ ಅದೇ ಪೀಪಾಯಿಗಳಿಗೆ ಮುಂದೆ ಬಂಗಾರದ ಬೆಲೆ ಬಂದಿತು. ಕೊನೆಗೆ ಬ್ರೋರಾ 2021ರಲ್ಲಿ, ಪೋರ್ಟ್ ಎಲೆನ್ 2024ರಲ್ಲಿ ಪುನಃ ಆರಂಭವಾದವು. 1926ರಲ್ಲಿ ಇಳಿಸಿ 60 ವರ್ಷ ಮಾಗಿಸಿ 1986ರಲ್ಲಿ ಕೇವಲ 40 ಸೀಸೆ ತುಂಬಿದ ಮೆಕ್ಯಾಲನ್ ವಿಸ್ಕಿಯ ಒಂದು ಸೀಸೆ 2023ರ ನವೆಂಬರಿನಲ್ಲಿ ಲಂಡನ್ನಿನ ಹರಾಜಿನಲ್ಲಿ 21 ಲಕ್ಷ ಪೌಂಡಿಗೂ ಹೆಚ್ಚಿನ ಬೆಲೆಗೆ ಹೋಯಿತು. ಇಂಥ ಬೆಲೆ ಎಲ್ಲಿದೆಯೋ ಅಲ್ಲಿ ಖೋಟಾ ಮಾಲೂ ಇರುತ್ತದೆ. 2017ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ಹೋಟೆಲಿನಲ್ಲಿ, 1878ರದೆಂದು ನಂಬಲಾಗಿದ್ದ ವಿಸ್ಕಿಯ ಒಂದೇ ಒಂದು ಲೋಟಕ್ಕೆ ಅತಿಥಿಯೊಬ್ಬರು 9,999 ಫ್ರಾಂಕು ತೆತ್ತರು. ಕಾರ್ಬನ್ ಪರೀಕ್ಷೆಯಿಂದ ಅದು ಬಹುಮಟ್ಟಿಗೆ 1970-72ರ ಅವಧಿಯದೆಂದೂ, ಸಿಂಗಲ್ ಮಾಲ್ಟೇ ಅಲ್ಲದ ಮಿಶ್ರಣವೆಂದೂ ತಿಳಿದುಬಂದಾಗ ಹೋಟೆಲಿನವರು ಹಣವನ್ನು ಹಿಂದಿರುಗಿಸಿದರು. ಮರುವರ್ಷ ಸ್ಕಾಟ್ಲೆಂಡಿನ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ 55 ಅಪರೂಪದ ಸೀಸೆಗಳಲ್ಲಿ 21 ಖೋಟಾ ಎಂದು ಸಿದ್ಧವಾಯಿತು. ಸೀಸೆಯನ್ನೋ ಪೀಪಾಯಿಯನ್ನೋ ಉಳಿತಾಯದ ಸಾಧನವೆಂದು ಭಾವಿಸಿ ಹಣ ತೊಡಗಿಸುವವರು ಈ ಎರಡು ಅಂಕಿಗಳನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳುವುದು ಲೇಸು.

ಕೂಟದವರ ವಾದದಲ್ಲಿ ನಿಜವಾದ ತಿರುಳೆಂದರೆ ಮೂಗು. ನಾಲಿಗೆಗೆ ತಿಳಿಯುವುದು ಉಪ್ಪು, ಹುಳಿ, ಸಿಹಿ, ಕಹಿ ಮೊದಲಾದ ಕೆಲವೇ ರುಚಿಗಳು. ಉಳಿದುದೆಲ್ಲವೂ ಪರಿಮಳ. ಬಾಳೆಹಣ್ಣಿನ ವಾಸನೆ ಹುದುಗುವಿಕೆಯಲ್ಲಿ ಹುಟ್ಟಿದ ಎಸ್ಟರುಗಳಿಂದ, ವೆನಿಲ್ಲಾದ ಸಿಹಿ ಓಕ್ ಮರದಿಂದ, ಹೊಗೆಯ ಘಾಟು ಮೊಳಕೆ ಬಾರ್ಲಿಯನ್ನು ಪೀಟ್ ಎಂಬ ಜೌಗುಮಣ್ಣಿನ ಬೆಂಕಿಯಲ್ಲಿ ಒಣಗಿಸುವುದರಿಂದ ಬರುತ್ತದೆ. ಕೆಳಗೆ ಉಬ್ಬಿ ಮೇಲೆ ಕಿರಿದಾಗುವ, ಮೊಗ್ಗಿನ ಆಕಾರದ ಲೋಟವನ್ನು ಬಳಸುವುದು ಈ ಪರಿಮಳವನ್ನು ಹಿಡಿದಿಡಲಿಕ್ಕೆ. ನಾಲ್ಕು ತೊಟ್ಟು ನೀರು ಸೇರಿಸಿದರೆ ವಾಸನೆ ಅರಳುತ್ತದೆಂದು ಹಳಬರು ಹೇಳುತ್ತಿದ್ದ ಮಾತಿಗೂ ಆಧಾರವಿದೆ. ಹೊಗೆಯ ವಾಸನೆಯನ್ನು ಕೊಡುವ ಗ್ವಾಯಕಾಲ್ ಎಂಬ ಅಣು ನೀರು ಬೆರೆತಾಗ ದ್ರವದ ಮೇಲ್ಮೈಗೆ ಏರುತ್ತದೆಂದು 2017ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಗಣಕಯಂತ್ರದ ನೆರವಿನಿಂದ ತೋರಿಸಿಕೊಟ್ಟರು.

ಇಲ್ಲಿಯೇ ಗಮನಿಸಬೇಕಾದ ಸಂಗತಿಯೊಂದಿದೆ. ವಿಸ್ಕಿಯ ಗುಣ ಪರೀಕ್ಷೆಯನ್ನು ಹೊಟ್ಟೆಪಾಡಿಗಾಗಿ ಮಾಡುವ ಸ್ಕಾಟ್ಲೆಂಡಿನ ಮಿಶ್ರಣಕಾರರು ದಿನಕ್ಕೆ ಹತ್ತಾರು ಮಾದರಿಗಳನ್ನು ನೋಡುತ್ತಾರೆ. ಅವುಗಳಿಗೆ ನೀರು ಬೆರೆಸಿ ಮದ್ಯಸಾರವನ್ನು ಸುಮಾರು ಶೇಕಡಾ 20ಕ್ಕೆ ಇಳಿಸಿ, ಹೆಚ್ಚಿನವನ್ನು ಮೂಸಿ ನೋಡಿಯೇ ತೀರ್ಮಾನಿಸುತ್ತಾರೆ. ಅವರು ಕುಡಿಯುತ್ತ ಕುಳಿತರೆ ಮಧ್ಯಾಹ್ನದ ಹೊತ್ತಿಗೆ ಕಾರ್ಖಾನೆ ಮುಚ್ಚಬೇಕಾದೀತು. ಕನ್ನಡಿಗರಿಗೆ ಇದು ಹೊಸದೇನೂ ಅಲ್ಲ. ಬೆಂಗಳೂರಿನ ಕಾಫಿ ಮಂಡಲಿಯ ಪರೀಕ್ಷಕರು ಚಮಚೆಯಿಂದ ಕಾಫಿಯನ್ನು ಸೊರ್ರೆಂದು ಹೀರಿ, ಬಾಯಿತುಂಬ ಆಡಿಸಿ, ಪಕ್ಕದ ಪಾತ್ರೆಯಲ್ಲಿ ಉಗುಳುತ್ತಾರೆ. ಚಿಕ್ಕಮಗಳೂರಿನ ತೋಟದವರು ಅವರನ್ನು ಕಾಫಿಗೆ ಅವಮಾನ ಮಾಡಿದರೆಂದು ಆಕ್ಷೇಪಿಸಿಲ್ಲ. ಉಗುಳುವುದರಿಂದಲೇ ಅವರ ಅಭಿಪ್ರಾಯಕ್ಕೆ ಬೆಲೆ.

ಈಗ ಕೂಟದ ಒಂದು ಸಂಜೆಯ ಜಮಾಖರ್ಚನ್ನು ನೋಡೋಣ. ಆರು ಬಗೆಯ ವಿಸ್ಕಿ, ಒಂದೊಂದರಲ್ಲಿಯೂ 15 ಮಿಲಿಲೀಟರು. ಇದು ಸಾಧಾರಣ ಕ್ರಮ. ನೋಡುವುದಕ್ಕೆ ಲೋಟದ ತಳ ಮಾತ್ರ ಒದ್ದೆಯಾದಂತೆ ಕಾಣುತ್ತದೆ. ಒಟ್ಟು 90 ಮಿಲಿಲೀಟರು. ಪೀಪಾಯಿಯ ಬಲದ ವಿಸ್ಕಿಯಾದುದರಿಂದ ಶೇಕಡಾ 55 ಎಂದು ಹಿಡಿದರೆ ಶುದ್ಧ ಮದ್ಯಸಾರ ಸುಮಾರು 50 ಮಿಲಿಲೀಟರು, ತೂಕದಲ್ಲಿ 39 ಗ್ರಾಂ. ಶೇಕಡಾ 42.8 ಮದ್ಯಸಾರವುಳ್ಳ ದೇಶೀ ವಿಸ್ಕಿಯ 30 ಮಿಲಿಲೀಟರಿನ ಸಣ್ಣ ಪೆಗ್ಗಿನಲ್ಲಿ ಇರುವುದು 13 ಮಿಲಿಲೀಟರಿಗಿಂತ ಸ್ವಲ್ಪ ಕಡಿಮೆ. ಅಂದರೆ ರುಚಿ ನೋಡಿ ಎದ್ದವನ ಹೊಟ್ಟೆಯಲ್ಲಿ ಇರುವುದು ಹೆಚ್ಚುಕಡಿಮೆ ನಾಲ್ಕು ಸಣ್ಣ ಪೆಗ್ಗು! ಬೀದಿಯ ಮೂಲೆಯ ಬಾರಿನಿಂದ ನಾಲ್ಕು ಪೆಗ್ಗು ಮುಗಿಸಿ ಹೊರಬಂದವನನ್ನು ಕಂಡು ಇದೇ ಸದಸ್ಯ ಮುಖ ಸಿಂಡರಿಸಿದ್ದರೆ, ಲೆಕ್ಕದ ದೃಷ್ಟಿಯಿಂದ ಆತನಿಗೆ ಆ ಹಕ್ಕಿಲ್ಲ. ಬ್ರಿಟನ್ನಿನ ಮುಖ್ಯ ವೈದ್ಯಾಧಿಕಾರಿಗಳು 2016ರಲ್ಲಿ ಹೊರಡಿಸಿದ ಸಲಹೆಯಂತೆ ವಾರದ ಮೇಲ್ಮಿತಿ 14 ಘಟಕ. ಒಂದು ಘಟಕವೆಂದರೆ 10 ಮಿಲಿಲೀಟರು ಶುದ್ಧ ಮದ್ಯಸಾರ. ವಾರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಎರಡು ಗಂಟೆಗಳಲ್ಲಿ ಖರ್ಚಾಯಿತು. ವಿಶ್ವ ಆರೋಗ್ಯ ಸಂಸ್ಥೆಯಂತೂ 2023ರ ಜನವರಿಯಲ್ಲಿ, ನಿರಪಾಯವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ಹೇಳಿಬಿಟ್ಟಿದೆ. ಅದರ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಷ್ಟು ಹಿಂದೆಯೇ ಮದ್ಯವನ್ನು ನಿಶ್ಚಿತ ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. ಆ ಪಟ್ಟಿಯಲ್ಲಿ 25 ವರ್ಷದ ಮಾಲ್ಟಿಗೆ ರಿಯಾಯಿತಿ ಇಲ್ಲ.

ಇದು ಯಾರಿಗೆ ತಗಲುತ್ತದೆ ಎಂಬುದನ್ನು ವಿಚಾರಿಸಬೇಕು. ಹುಬ್ಬಳ್ಳಿಯನ್ನೋ ಹಾಸನವನ್ನೋ ಬಿಟ್ಟು ಇಪ್ಪತ್ತೈದು ವರ್ಷಗಳ ಹಿಂದೆ ಮುಂಬಯಿಗೋ ದೆಹಲಿಗೋ ಬಂದು, ಈಗ ಐವತ್ತರ ಹೊಸ್ತಿಲಲ್ಲಿರುವ ಗೃಹಸ್ಥನೊಬ್ಬನನ್ನು ಊಹಿಸಿಕೊಳ್ಳಬಹುದು. ತಂದೆಯ ಮನೆಯಲ್ಲಿ ಸೀಸೆಯ ನೆರಳೂ ಬಿದ್ದಿರಲಿಲ್ಲ. ಮೇಲಧಿಕಾರಿಯೋ ಸಹೋದ್ಯೋಗಿಯೋ ಕೂಟಕ್ಕೆ ಕರೆದೊಯ್ದ. ಅಲ್ಲಿನ ಮಾತು, ಭೂಗೋಳ, ಚರಿತ್ರೆ ಎಲ್ಲವೂ ಆತನಿಗೆ ಹಿಡಿಸಿದವು. ಆತನಿಗೆ ಸಕ್ಕರೆ ಕಾಯಿಲೆಯಿದೆ. ದಿನವೂ ಗ್ಲಿಮೆಪಿರೈಡ್ ಮಾತ್ರೆ ನುಂಗುತ್ತಾನೆ. ಹೊಟ್ಟೆ ತುಂಬಿದ್ದರೆ ರುಚಿ ತಿಳಿಯುವುದಿಲ್ಲವೆಂದು ಯಾರೋ ಹೇಳಿದ್ದರಿಂದ ಕಚೇರಿಯಿಂದ ಬರಿಹೊಟ್ಟೆಯಲ್ಲಿ ನೇರವಾಗಿ ಬಂದಿದ್ದಾನೆ. ಅಪಾಯವಿರುವುದು ಇಲ್ಲಿ. ಯಕೃತ್ತಿನ ಕರ್ತವ್ಯಗಳಲ್ಲಿ ಊಟದ ನಡುವಿನ ಹೊತ್ತಿನಲ್ಲಿ ರಕ್ತಕ್ಕೆ ಸಕ್ಕರೆಯನ್ನು ಒದಗಿಸುವುದೂ ಒಂದು. ಮದ್ಯ ಒಳಗೆ ಬಂದೊಡನೆ ಅದನ್ನು ಸುಡುವ ಕೆಲಸದಲ್ಲಿ ತೊಡಗಿ ಸಕ್ಕರೆಯ ಸರಬರಾಜನ್ನು ಅದು ತಗ್ಗಿಸುತ್ತದೆ. ಇತ್ತ ಮಾತ್ರೆ ತನ್ನ ಪಾಡಿಗೆ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತದೆ. ಬೆವರು, ತೊದಲು, ಕಾಲು ತಡವರಿಸುವಿಕೆ ಕಾಣಿಸಿಕೊಂಡರೆ ಸುತ್ತಲಿನವರು ಸ್ವಲ್ಪ ಹೆಚ್ಚಾಯಿತೆಂದು ನಕ್ಕು, ಮನೆಗೆ ಕಳುಹಿಸಿ ಮಲಗಿಸುತ್ತಾರೆ. ಸಕ್ಕರೆ ಹಲವು ಗಂಟೆಗಳ ಅನಂತರ, ನಿದ್ದೆಯಲ್ಲಿಯೂ ಕುಸಿಯಬಲ್ಲದು. ಪಕ್ಕದಲ್ಲಿ ಮಲಗಿರುವ ಹೆಂಡತಿಗೆ ಗೊರಕೆಗೂ ಮೂರ್ಛೆಗೂ ವ್ಯತ್ಯಾಸ ತಿಳಿಯಬೇಕೆಂದು ಅಪೇಕ್ಷಿಸುವುದು ಅನ್ಯಾಯ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಕೂಟದ ಸದಸ್ಯತ್ವದ ಅರ್ಜಿಯಲ್ಲಿ ಹುಟ್ಟಿದ ದಿನಾಂಕ ಕೇಳುವವರು ಈ ಒಂದು ಪ್ರಶ್ನೆಯನ್ನೂ ಕೇಳಬಹುದು. ಅದಕ್ಕಿಂತ ಮೊದಲು ಸದಸ್ಯನೇ ತನ್ನ ವೈದ್ಯರನ್ನು ಕೇಳಿ, ಅವರು ಬೇಡವೆಂದರೆ ಮೂಸುವುದರಲ್ಲಿಯೇ ನಿಲ್ಲಿಸಬಹುದು.

ಮನೆಗೆ ಹೋಗುವ ದಾರಿಯ ಮಾತೂ ಇದೆ. ಮೋಟಾರು ವಾಹನ ಕಾಯಿದೆಯ 185ನೆಯ ಕಲಮಿನಂತೆ 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಅಪರಾಧ. ಮೇಲಿನ ಲೆಕ್ಕದ 39 ಗ್ರಾಂ ಸೇವಿಸಿದ, 70 ಕಿಲೋ ತೂಕದ ಗಂಡಸು ಎರಡು ಗಂಟೆಯ ಅನಂತರ ಎದ್ದರೂ ಈ ಗಡಿಯನ್ನು ದಾಟಿರುವುದೇ ಹೆಚ್ಚು ಸಂಭವ. ‘ನಾನು ರುಚಿ ಮಾತ್ರ ನೋಡಿದೆ’ ಎಂಬ ಸಮಾಧಾನ ಪೊಲೀಸರ ಉಸಿರು ಪರೀಕ್ಷೆಯ ಉಪಕರಣಕ್ಕೆ ಕೇಳಿಸುವುದಿಲ್ಲ.

ಕೂಟಗಳಲ್ಲಿ ಪ್ರಚಲಿತವಾಗಿರುವ ಕೆಲವು ನಂಬಿಕೆಗಳನ್ನೂ ಇಲ್ಲಿಯೇ ಮುಗಿಸಬಹುದು. ಒಳ್ಳೆಯ ಮಾಲ್ಟ್ ಮರುದಿನ ತಲೆನೋವು ತರುವುದಿಲ್ಲ ಎನ್ನುತ್ತಾರೆ. ವಾಸ್ತವವಾಗಿ ತಾಮ್ರದ ಹಂಡೆಯಲ್ಲಿ ಇಳಿಸಿ ಓಕ್ ಪೀಪಾಯಿಯಲ್ಲಿ ಮಾಗಿಸಿದ ಮಾಲ್ಟಿನಲ್ಲಿ, ವೋಡ್ಕಾದಂಥ ನಿರ್ವಾಸನೆಯ ಮದ್ಯಕ್ಕಿಂತ ಉಪಪದಾರ್ಥಗಳು ಹೆಚ್ಚು. ಅದಕ್ಕೆ ಅಷ್ಟೊಂದು ಪರಿಮಳ ಬಂದುದೇ ಅವುಗಳಿಂದ, ಮರುದಿನದ ತಲೆನೋವನ್ನು ಹೆಚ್ಚಿಸಬಲ್ಲವೂ ಅವೇ. ನೀರು ಬೆರೆಸಿದರೆ ಹಾನಿ ಕಡಿಮೆ ಎನ್ನುವುದೂ ಸರಿಯಲ್ಲ. ಗಂಟಲು ಉರಿಯುವುದು ತಪ್ಪೀತು; ಮದ್ಯಸಾರದ ಮೊತ್ತ ಅಷ್ಟೇ ಇರುತ್ತದೆ. ಹೃದಯಕ್ಕೆ ಒಳ್ಳೆಯದೆಂಬ ಮಾತು ಒಂದು ಕಾಲಕ್ಕೆ ವೈದ್ಯರ ಬಾಯಿಂದಲೂ ಬರುತ್ತಿದ್ದುದು ನಿಜ. ಈಚಿನ ಅಧ್ಯಯನಗಳು, ವಿಶೇಷವಾಗಿ ಅನುವಂಶೀಯ ಗುಣಗಳ ಆಧಾರದ ಮೇಲೆ ನಡೆದವು, ಅದರ ಬುಡವನ್ನು ಸಡಿಲಿಸಿವೆ.

ಇಷ್ಟೆಲ್ಲ ಹೇಳಿದ ಮೇಲೆ ಕೂಟಗಳನ್ನು ಮುಚ್ಚಬೇಕೆಂಬುದು ಈ ಲೇಖನದ ಅಭಿಪ್ರಾಯವೆಂದು ಯಾರಾದರೂ ತಿಳಿದರೆ ಅದು ತಪ್ಪು. ಆಸ್ವಾದವೆಂಬ ಮಾತನ್ನು ಅವರು ಅಕ್ಷರಶಃ ನಡೆಸಲಿ ಎಂಬುದಷ್ಟೇ ಕೋರಿಕೆ. ಆರರ ಬದಲು ಮೂರು ಸೀಸೆ, 15 ಮಿಲಿಲೀಟರಿನ ಬದಲು 5. ಆಗ ಒಬ್ಬೊಬ್ಬನ ಪಾಲಿಗೆ ಬರುವ ಶುದ್ಧ ಮದ್ಯಸಾರ 8 ಮಿಲಿಲೀಟರಿಗೆ ಸ್ವಲ್ಪ ಹೆಚ್ಚು. ಒಂದು ಘಟಕಕ್ಕೂ ಕಡಿಮೆ. ಮೂಗಿಗೆ 5 ಮಿಲಿಲೀಟರು ಧಾರಾಳ, ನಾಲಿಗೆಗೆ ಎರಡು ಗುಟುಕು. ನಾಲ್ಕನೆಯ ಮಾದರಿಯಿಂದ ಮುಂದಕ್ಕೆ ಶೇಕಡಾ 55ರ ಉರಿಗೆ ನಾಲಿಗೆ ಜೋಮು ಹಿಡಿದು, ಪುಸ್ತಕದಲ್ಲಿ ಬರೆಯುವ ಟಿಪ್ಪಣಿಗಳೆಲ್ಲ ಒಂದೇ ತೆರನಾಗುವುದನ್ನು ಪ್ರಾಮಾಣಿಕರಾದ ಸದಸ್ಯರು ಒಪ್ಪಿಯಾರು. ಹಣದ ಕಡೆಯಿಂದ ನೋಡಿದರೂ ಇದು ಲಾಭವೇ. 700 ಮಿಲಿಲೀಟರಿನ ಒಂದು ಸೀಸೆಗೆ 42,000 ರೂಪಾಯಿ ಎಂದಿಟ್ಟುಕೊಂಡರೆ 15 ಮಿಲಿಲೀಟರಿಗೆ ಬೀಳುವುದು 900 ರೂಪಾಯಿ, 5ಕ್ಕೆ 300. ಒಂದು ಸೀಸೆಯಲ್ಲಿ 46 ಪಾಲಿನ ಬದಲು 140 ಪಾಲು. ಇಂದು ಬೆಲೆಗೆ ಅಂಜಿ ದೂರ ಉಳಿಯುವ ಸೀಸೆಗಳು ಆಗ ಕೈಗೆಟುಕುತ್ತವೆ.

ಮೇಜಿನ ಮಧ್ಯೆ ಒಂದು ಪೀಕದಾನಿಯೂ ಇರಲಿ. ಮುನ್ನೂರು ರೂಪಾಯಿಯನ್ನು ಉಗುಳುವುದೇ ಎಂದು ಹುಬ್ಬೇರಿಸುವವರಿಗೆ ಒಂದು ಮರುಪ್ರಶ್ನೆ: ನುಂಗಿದೊಡನೆ ಆ ಮುನ್ನೂರು ರೂಪಾಯಿ ಎಲ್ಲಿ ಉಳಿಯಿತು? ಹಣ ಕೊಟ್ಟು ಕೊಂಡದ್ದು ಪರಿಮಳವನ್ನು. ಅದು ಮೂಗಿಗೂ ಬಾಯಿಗೂ ಸಂದಾಯವಾಗಿದೆ. ಗಂಟಲಿನಿಂದ ಕೆಳಗೆ ಹೋಗುವುದಕ್ಕೆ 42,000 ರೂಪಾಯಿಯ ಸೀಸೆಯೂ ಒಂದೇ, 400 ರೂಪಾಯಿಯದೂ ಒಂದೇ. ಗಂಟಲಿಳಿಯುವಾಗಿನ ಬಿಸುಪೂ ರುಚಿಯ ಭಾಗವೇ ಎಂಬ ಆಕ್ಷೇಪದಲ್ಲಿ ಹುರುಳಿದೆ. ಮೂರರಲ್ಲಿ ಮನಮೆಚ್ಚಿದ ಒಂದನ್ನು ನುಂಗಿದರಾಯಿತು. ಬರುವ ಮುನ್ನ ಊಟವಲ್ಲದಿದ್ದರೂ ಎರಡು ಚಪಾತಿಯಾದರೂ ಹೊಟ್ಟೆಗೆ ಬಿದ್ದಿರಲಿ.

ಈ ಕ್ರಮದಿಂದ ಇನ್ನೊಂದು ಅನುಕೂಲವಿದೆ. ಕುಡಿಯದವರೂ ಕೂಟಕ್ಕೆ ಬರಬಹುದು. ಮೂಗಿಗೆ ವ್ರತಭಂಗವಿಲ್ಲ! ಟಿಪ್ಪಣಿಗಳ ಭಾಷೆಯೂ ಆಗ ಸುಧಾರಿಸೀತು. ಈಗ ಬರೆಯುವ ಟಿಪ್ಪಣಿಗಳಲ್ಲಿ ಹೀದರ್ ಹೂವು, ಕ್ರಿಸ್‌ಮಸ್ ಕೇಕು, ಇಂಗ್ಲೆಂಡಿನ ಕಿತ್ತಳೆ ಮುರಬ್ಬ ತುಂಬಿರುತ್ತವೆ; ಬರೆದವರು ಹೀದರ್ ಹೂವನ್ನು ಕಂಡವರಲ್ಲ. ಷೆರಿ ಪೀಪಾಯಿಯ ಮಾಲ್ಟಿನಲ್ಲಿ ಮಂಡ್ಯದ ಕಡೆಯವನಿಗೆ ಆಲೆಮನೆಯ ಜೋನಿಬೆಲ್ಲ ಏಕೆ ಕಾಣಬಾರದು? ಶಿರಸಿಯವನಿಗೆ ಅಡಕೆ ಬೇಯಿಸುವ ಹಂಡೆಯ ಚೊಗರು, ಕೊಡಗಿನವನಿಗೆ ಒಣಹಾಕಿದ ಏಲಕ್ಕಿ, ಅಜ್ಜಿಯ ಪೆಟ್ಟಿಗೆಯಲ್ಲಿ ಮಡಿಸಿಟ್ಟ ರೇಷ್ಮೆಯ ವಾಸನೆ, ಹೆಚ್ಚು ಹಣ್ಣಾದ ಹಲಸು: ಇವೆಲ್ಲವೂ ಆ ಲೋಟದಲ್ಲಿ ಸಿಗುವಂಥವೇ. ಪರಿಮಳವನ್ನು ಹೆಸರಿಸುವುದೆಂದರೆ ನೆನಪನ್ನು ಕೆದಕುವುದು, ಊರು ಬಿಟ್ಟು ಬಂದವರಲ್ಲಿ ಆ ಸಂಪತ್ತು ಧಾರಾಳವಾಗಿದೆ. ಐಲಾ ದ್ವೀಪದ ಲಫ್ರೋಯ್ಗ್ ವಿಸ್ಕಿಯ ಲೋಟವನ್ನು ಮನೆಯ ಹಿರಿಯರೊಬ್ಬರ ಮುಂದೆ ಹಿಡಿದು ನೋಡಬೇಕು. ಜನ್ಮದಲ್ಲಿ ಒಂದು ತೊಟ್ಟನ್ನೂ ಮುಟ್ಟದ ಆ ಹಿರಿಯರು, ಯಾವ ಕೈಪಿಡಿಯನ್ನೂ ನೋಡದೆ, ಬಚ್ಚಲ ಒಲೆಗೆ ಹಸಿಸೌದೆ ಹಾಕಿದ ದಿನ ಆಸ್ಪತ್ರೆಯವರು ಬಂದು ಫಿನಾಯಿಲು ಹಾಕಿ ಹೋದಂತಿದೆ ಎಂದುಬಿಡುವರು. ಆ ದ್ವೀಪದ ಮಾಲ್ಟನ್ನು ಕುರಿತು ಅಷ್ಟು ಖಚಿತವಾದ ಟಿಪ್ಪಣಿ ಕೂಟದ ಪುಸ್ತಕದಲ್ಲಿ ಸಿಗುವುದು ಕಷ್ಟ.